ಎಡಗಡೆ ನಿಂತವಳು

ಆಸ್ಪತ್ರೆಯಲ್ಲಿ ಔಡಲೆಣ್ಣೆಯ ವಾಸನೆ ಬರಬಾರದು. ಸ್ಪಿರಿಟ್ಟು, ಫಿನಾಯಿಲು, ಹಳಸಿದ ಸಾರು, ಇವಕ್ಕೆಲ್ಲ ನಾನು ತಲೆ ಎತ್ತುವುದಿಲ್ಲ. ಮೊನ್ನೆ ಬೆಳಿಗ್ಗೆ ವಾರ್ಡಿನ ಬಾಗಿಲು ತಳ್ಳಿದ ಕೂಡಲೇ ಹಸಿ ಔಡಲೆಣ್ಣೆ ಮೂಗಿಗೆ ಬಡಿಯಿತು. ನಾನು ಹೊಸ್ತಿಲಲ್ಲೇ ನಿಂತುಬಿಟ್ಟೆ. ಎರಡೂ ಮೀನಖಂಡಗಳು ತಾವಾಗಿಯೇ ಬಿಗಿದುಕೊಂಡವು, ಈಗಲೋ ಆಗಲೋ ಹಗ್ಗದ ಏಟು ಬೀಳುತ್ತದೆ ಎನ್ನುವ ಹಾಗೆ... ಇಷ್ಟು ವರ್ಷಗಳಾದ ಮೇಲೂ.

ಆದದ್ದಿಷ್ಟೇ. ಮಂಚದ ಕೀಲು ಕಿರ್ರೆನ್ನುತ್ತಿತ್ತಂತೆ. ವಾರ್ಡಿನ ಆಯಾ ಮನೆಯಿಂದ ಸಣ್ಣ ಸೀಸೆಯಲ್ಲಿ ಎಣ್ಣೆ ತಂದು ಬಿಟ್ಟಿದ್ದಳು. ಬೈಯಬೇಕೆಂದು ಬಾಯಿ ತೆರೆದೆ, ಬೈಗುಳ ಬರಲಿಲ್ಲ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಆ ವಾರ್ಡಿನಲ್ಲಿ ಎಲ್ಲರಿಗೂ ಗೊತ್ತು. ನಾನು ಸುಮ್ಮನಿದ್ದದ್ದನ್ನು ಕಂಡು ಆಯಾ ಇನ್ನೂ ಹೆದರಿದಳು.

ನಮ್ಮ ವಾರ್ಡಿನ ಮಂಚಗಳು ನೆಟ್ಟಗಿರುವುದಿಲ್ಲ. ತಲೆಯ ಕಡೆ ತಗ್ಗು, ಕಾಲಿನ ಕಡೆ ಎತ್ತರ. ಹೆಚ್ಚೇನಲ್ಲ, ಆರು ಡಿಗ್ರಿ. ಅಷ್ಟರ ಮೇಲೆ ಗಟ್ಟಿಮುಟ್ಟಾದ ಜನ ವಾರಗಟ್ಟಲೆ ಮಲಗಿರುತ್ತಾರೆ. ಊಟ, ಸ್ನಾನ, ಓದು ಎಲ್ಲ ಮಲಗಿಯೇ. ಬಾಹ್ಯಾಕಾಶಕ್ಕೆ ಹೋದವರ ಮೈಯಲ್ಲಿ ಏನಾಗುತ್ತದೋ ಅದನ್ನು ನೆಲದ ಮೇಲೆ ನೋಡಲು ಇರುವ ದಾರಿ ಇದು. ಮೇಲೆ ಹೋದರೆ ಮೈಗೆ ಭಾರವೇ ಇರುವುದಿಲ್ಲ. ಕಾಲಿನಲ್ಲಿ ಇರಬೇಕಾದ ರಕ್ತ, ನೀರು ತಲೆಗೇರಿ ನಿಲ್ಲುತ್ತವೆ. ಮುಖ ಊದುತ್ತದೆ, ಕಾಲು ಸೊರಗುತ್ತದೆ. ತಿಂಗಳುಗಟ್ಟಲೆ ಹಾಗೇ ಇದ್ದರೆ ಕಣ್ಣಿನ ಹಿಂಭಾಗ ಚಪ್ಪಟೆಯಾಗುತ್ತದೆ, ನರದ ಬುಡ ಬಾತುಕೊಳ್ಳುತ್ತದೆ, ಹತ್ತಿರದ ಅಕ್ಷರ ಮಂಜಾಗುತ್ತದೆ. ಎಲ್ಲರಿಗೂ ಆಗುವುದಿಲ್ಲ. ಯಾರಿಗೆ ಆಗುತ್ತದೆ ಎಂದು ಮೊದಲೇ ಹೇಳಲು ಇನ್ನೂ ನಮಗೆ ಬರುವುದಿಲ್ಲ. ಅದಕ್ಕೇ ತೊಡೆಗೆ ಪಟ್ಟಿ ಬಿಗಿದು ರಕ್ತವನ್ನು ಕಾಲಲ್ಲೇ ಹಿಡಿದಿಡಬಹುದೇ, ಸೊಂಟದಿಂದ ಕೆಳಗೆ ಪೆಟ್ಟಿಗೆ ಕೂಡಿಸಿ ಗಾಳಿ ಎಳೆದರೆ ರಕ್ತ ಇಳಿಯುತ್ತದೆಯೇ ಎಂದು ನೋಡುತ್ತೇವೆ. ನಾನು ಕಣ್ಣಿನ ಡಾಕ್ಟರು. ದಿನವೂ ಅವರ ಕಣ್ಣೊಳಗಿನ ಚಿತ್ರ ತೆಗೆಯುವುದು, ಇನ್ನು ಸಾಕು ಎನಿಸಿದರೆ ನಿಲ್ಲಿಸಿ ಎನ್ನುವುದು ನನ್ನ ಕೆಲಸ.

ಎಣ್ಣೆ ಬಿಟ್ಟಿದ್ದ ಮಂಚದ ಮೇಲಿದ್ದವನು ಒಬ್ಬ ಪೈಲಟ್. ಮುಂದೆ ಮೇಲೆ ಹೋಗುವವರನ್ನು ಆರಿಸುವಾಗ ತನ್ನ ಹೆಸರು ಇರಬೇಕೆಂಬ ಒಂದೇ ಹಟ ಅವನದು. ಇನ್ನು ನಾಲ್ಕು ದಿನ ಕಳೆದಿದ್ದರೆ ಅವನ ಸರದಿ ಮುಗಿಯುತ್ತಿತ್ತು. ಹಿಂದಿನ ದಿನದ ಚಿತ್ರದಲ್ಲಿ ನರದ ಬುಡ ಬಾತಿತ್ತು. ನಿಲ್ಲಿಸಲೇಬೇಕು ಎನ್ನುವಷ್ಟಲ್ಲ, ಬಿಡಬಹುದು ಎನ್ನುವಷ್ಟೂ ಅಲ್ಲ. ತಂಡದ ಮುಖ್ಯಸ್ಥರು, "ಅವನಿಗೆ ಮಂಜಾಗುತ್ತಿದೆಯೋ ಇಲ್ಲವೋ ನಾಳೆ ಕೇಳಿ ತೀರ್ಮಾನಿಸೋಣ" ಎಂದಿದ್ದರು. ಅವನನ್ನು ಕೇಳಬೇಕಂತೆ. ಕೇಳಿದರೆ ಹೇಳುತ್ತಾರೆಯೇ? ತಲೆಕೆಳಗಾದ ಮನುಷ್ಯ ತನ್ನ ಕಣ್ಣಿನ ಬಗ್ಗೆ ಎಷ್ಟು ಖರೆ ಹೇಳುತ್ತಾನೆ ಎನ್ನುವುದನ್ನು ನಾನು ಹದಿಮೂರನೆಯ ವಯಸ್ಸಿನಲ್ಲೇ ಕಲಿತಿದ್ದೆ. ಕಲಿಸಿದವರು ನನ್ನ ಮಲ್ಲಕಂಬದ ಮಾಸ್ತರು.

ರೋಣದಲ್ಲಿ ನಮ್ಮ ಸಾಲೆಯ ಹಿಂದೆ ಒಂದು ತಗಡಿನ ಶೆಡ್ಡಿತ್ತು. ನಡುವೆ ಸಾಗುವಾನಿಯ ಕಂಬ, ಅದಕ್ಕೆ ದಿನಾ ಔಡಲೆಣ್ಣೆಯ ಅಭ್ಯಂಜನ. ಹುಡುಗರಿಗೆ ಕಂಬ, ಹುಡುಗಿಯರಿಗೆ ಮೇಲಿನ ತೊಲೆಯಿಂದ ಇಳಿಬಿಟ್ಟ ನೂಲಿನ ಹಗ್ಗ. ಕಾಲಿನ ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ನಡುವೆ ಹಗ್ಗ ಕಚ್ಚಿ ಹಿಡಿದು ಏರಬೇಕು. ಮೊದಲ ತಿಂಗಳು ಆ ಸಂದಿನ ಚರ್ಮ ಕಿತ್ತು ರಕ್ತ ಬರುತ್ತಿತ್ತು. ರಕ್ತ ಬಂದ ದಿನ ಮಾಸ್ತರು ಅದಕ್ಕೆ ಕಂಬದ ಎಣ್ಣೆಯನ್ನೇ ಸವರಿ, "ಹತ್ತು ಮ್ಯಾಲೆ" ಎನ್ನುತ್ತಿದ್ದರು. ಅಷ್ಟೇ ಔಷಧ.

ನಾನು ಯಾವಗಲ್ಲಿನಿಂದ ಬೆಳಗಿನ ಮೊದಲ ಬಸ್ಸಿಗೆ ಬರುತ್ತಿದ್ದೆ. ನಮ್ಮದು ಹೊಲಮನೆಯವರ ದೊಡ್ಡ ಕುಟುಂಬ. ಹೆಣ್ಣುಹುಡುಗಿ ಹಗ್ಗಕ್ಕೆ ಜೋತುಬೀಳುವುದು ಅಪ್ಪನಿಗೆ ಎಳ್ಳಷ್ಟೂ ಇಷ್ಟವಿರಲಿಲ್ಲ. ನಾನು ತಾಲ್ಲೂಕಿಗೆ ಮೊದಲು ಬಂದು ಹಾರ ಹಾಕಿಸಿಕೊಂಡು ಊರಿಗೆ ಇಳಿದ ದಿನ ಮಾತ್ರ ಬಾಯಿ ಮುಚ್ಚಿಕೊಂಡಿದ್ದ. ಕಾಕಾ ಮೂರು ದಿನ ಕಟ್ಟೆಯ ಮೇಲೆ ಕೂತು ನಾನು ಗೆದ್ದದ್ದನ್ನೇ ಹೇಳಿದ.

ಮಾಸ್ತರು ಗಜೇಂದ್ರಗಡದವರು. ಕುಳ್ಳಗೆ, ಕಪ್ಪಗೆ, ಕುತ್ತಿಗೆಯೇ ಇಲ್ಲದ ಮೈ. ಕೈಯಲ್ಲಿ ಸದಾ ಒಂದು ಗೇಣಿಗಿಂತ ಉದ್ದದ ಹಗ್ಗದ ತುಂಡು, ತುದಿಗೆ ಗಂಟು. ಆ ಗಂಟು ತಿನ್ನದ ಮೀನಖಂಡ ನಮ್ಮ ಶೆಡ್ಡಿನಲ್ಲಿ ಒಂದೂ ಇರಲಿಲ್ಲ. ಮೊಣಕಾಲು ಬಾಗಿದರೆ ಏಟು, ಬೆರಳು ಚಾಚದಿದ್ದರೆ ಏಟು, ಅತ್ತರೆ ಎರಡು ಏಟು. ಈಗಿನ ಕಾಲದಲ್ಲಾದರೆ ಜೈಲಿಗೆ ಹೋಗಬೇಕು. ಹೋಗಲಿ ಎಂದು ನಾನೂ ಎಷ್ಟೋ ಸಲ ಅಂದುಕೊಂಡಿದ್ದೇನೆ. ಸುಳ್ಳೇಕೆ ಹೇಳಲಿ, ಅವರು ಸತ್ತುಹೋಗಲಿ ಎಂದು ಬಸ್ಸಿನಲ್ಲಿ ಕೂತು ಬೇಡಿಕೊಂಡ ದಿನಗಳೂ ಇದ್ದವು. ಆದರೂ ಮರುದಿನ ಮೊದಲ ಬಸ್ಸಿಗೇ ಹೋಗುತ್ತಿದ್ದೆ. ಅವರ ಕೈಕೆಳಗೆ ಹಗ್ಗದ ಮೇಲೆ ನಾನು ಏನಾಗುತ್ತಿದ್ದೆನೋ ಅದು ಬೇರೆಲ್ಲಿಯೂ ಆಗುತ್ತಿರಲಿಲ್ಲ.

ದಿನದ ಅಭ್ಯಾಸ ಮುಗಿಯುವ ಮುನ್ನ ಒಂದು ಕಟ್ಟಳೆ ಇತ್ತು. ಎಲ್ಲರೂ ತಲೆಕೆಳಗಾಗಿ ನೇತಾಡಬೇಕು. ಮಾಸ್ತರು ನೂರರವರೆಗೆ ಎಣಿಸುತ್ತಿದ್ದರು. ಐವತ್ತಕ್ಕೆ ಹಣೆಯ ನರ ಉಬ್ಬುತ್ತಿತ್ತು, ಎಪ್ಪತ್ತಕ್ಕೆ ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು, ತೊಂಬತ್ತಕ್ಕೆ ಕಣ್ಣುಗುಡ್ಡೆ ಕಿತ್ತು ನೆಲಕ್ಕೆ ಬೀಳುತ್ತದೇನೋ ಅನಿಸುತ್ತಿತ್ತು. "ನೆತ್ತರ ಕಣ್ಣಿಗೆ ಇಳೀಬೇಕು. ಇಳಿದರ ನಜರ ಚುರುಕ ಆಗ್ತೈತಿ. ಹದ್ದಿನ ಕಣ್ಣ ಬೇಕಂದ್ರ ತೆಲಿಕೆಳಗ ಆಗ್ರಿ" ಎನ್ನುತ್ತಿದ್ದರು. ಅವರಿಗೆ ಅವರ ಗುರು ಹೇಳಿದ್ದು ಅದು. ಅವರ ಗುರುವಿಗೆ ಯಾರು ಹೇಳಿದ್ದರೋ...

ಅವರೂ ನೇತಾಡುತ್ತಿದ್ದರು, ನಾವು ಬರುವ ಮುಂಚೆ, ಒಬ್ಬರೇ. ನಾನು ಶೆಡ್ಡಿಗೆ ಕಾಲಿಡುವಾಗ ತೊಲೆಗೆ ಬಾವಲಿಯ ಹಾಗೆ ಜೋತಿರುತ್ತಿದ್ದರು. ಮುಖ ನೇರಳೆ ಬಣ್ಣಕ್ಕೆ ತಿರುಗಿ, ಕಣ್ಣು ಕೆಂಡವಾಗಿ, ತುಟಿ ಎಣಿಸುತ್ತಿರುತ್ತಿತ್ತು. ನಾನು ಸೇರಿದ ವರ್ಷ ಮುನ್ನೂರರವರೆಗೆ ಎಣಿಸುತ್ತಿದ್ದರು. ಮರುವರ್ಷ ಐದುನೂರು. ಯಾಕೆ ಹೆಚ್ಚಾಯಿತೆಂದು ಆಗ ಯಾರೂ ಕೇಳಲಿಲ್ಲ.

ಅದೇ ಮರುವರ್ಷ ಹುಡುಗರು ಒಂದು ಮೋಜು ಕಂಡುಹಿಡಿದರು. ಮಾಸ್ತರ ಎಡಕ್ಕೆ ನಿಂತವರಿಗೆ ಏಟು ಬೀಳುತ್ತಿರಲಿಲ್ಲ! ಬೀಳುತ್ತಿರಲಿಲ್ಲ ಅಂದರೆ, ಹಗ್ಗ ಬೀಸುತ್ತಿದ್ದರು, ತಗಲುತ್ತಿರಲಿಲ್ಲ. ಒಂದೆರಡು ಸಲ ಕಂಬಕ್ಕೇ ಬಡಿದರು. ಸಾಲಾಗಿ ನಿಲ್ಲಿಸಿದ ಕೂಡಲೇ ಎಡಗಡೆಗೆ ಹೋಗಲು ನೂಕುನುಗ್ಗಲು. ಒಬ್ಬರ ಕಾಲು ಒಬ್ಬರು ತುಳಿದು, ಮೊಣಕೈಯಲ್ಲಿ ತಿವಿದು ಜಾಗ ಹಿಡಿಯುತ್ತಿದ್ದೆವು. ನಾನೇ ಒಬ್ಬನ ಕೆಳತುಟಿ ಒಡೆಯುವ ಹಾಗೆ ಗುದ್ದಿದ್ದೆ. ಮಾಸ್ತರ ಮೈಯಲ್ಲಿ ಮೊದಲಿನ ಕಸುವಿಲ್ಲ ಎಂದು ಹುಡುಗರು ನಗುತ್ತಿದ್ದರು. ನನಗೆ ಮಾತ್ರ ಹಾಗೆ ಅನಿಸಲಿಲ್ಲ. ಬಲಕ್ಕೆ ನಿಂತವರ ಮೀನಖಂಡ ಮೊದಲಿಗಿಂತ ಹೆಚ್ಚು ಬಾತುಕೊಳ್ಳುತ್ತಿತ್ತು.

ಒಂದು ದಿನ ಶೆಡ್ಡಿನ ಎಡಬಾಗಿಲಲ್ಲಿ ಯಾರೋ ಸೈಕಲ್ಲು ನಿಲ್ಲಿಸಿದ್ದರು. ಮಾಸ್ತರು ನೇರ ಹೋಗಿ ಅದರ ಮೇಲೆ ಬಿದ್ದರು, ಹಲ್ಲಿಗೆ ಪೆಟ್ಟಾಗಿ ರಕ್ತ ಬಂತು. ಎದ್ದವರೇ ಸೈಕಲ್ಲನ್ನು ಎತ್ತಿ ಗೋಡೆಗೆ ಅಪ್ಪಳಿಸಿದರು. ಗಾಲಿ ಸೊಟ್ಟಗಾಗುವವರೆಗೂ ಅಪ್ಪಳಿಸಿದರು. ಹುಡುಗರೆಲ್ಲ ಓಡಿಹೋದರು. ನಾನು ಉಳಿದೆ. ನನಗೆ ಸುಮ್ಮನಿರಲು ಬರುವುದಿಲ್ಲವಲ್ಲ, ಕೇಳಿಬಿಟ್ಟೆ.

"ಸರ, ನಿಮಗ ಎಡಕ್ಕ ಕಾಣಂಗಿಲ್ಲೇನ್ರಿ?"

ಕಪಾಳಕ್ಕೆ ಬಿದ್ದ ಏಟಿಗೆ ನಾನು ಗಾದಿಯ ಮೇಲೆ ಹೋಗಿ ಬಿದ್ದೆ. ಆ ಸಲ ಗುರಿ ತಪ್ಪಲಿಲ್ಲ, ನಾನು ಎದುರಿಗೇ ನಿಂತಿದ್ದೆ. ಬಾಯಲ್ಲಿ ಉಪ್ಪುಪ್ಪು ರಕ್ತ. ಅಳಲಿಲ್ಲ, ಅತ್ತರೆ ಎರಡಾಗುತ್ತಿತ್ತು.

ಮರುದಿನ ಸಾಲು ನಿಲ್ಲಿಸುವಾಗ ನನ್ನ ತೋಳು ಹಿಡಿದು ಎಳೆದು ತಮ್ಮ ಎಡಕ್ಕೆ ನಿಲ್ಲಿಸಿಕೊಂಡರು. "ಇನ್ನ ಮ್ಯಾಲೆ ನೀ ಇಲ್ಲೇ ನಿಂದ್ರು. ಈ ಕಡಿ ಯಾರ ಏನ ಮಾಡ್ತಾರ ನನಗ ಹೇಳು. ಸಣ್ಣಗ ಹೇಳು" ಎಂದರು. ಎಲ್ಲರ ಎದುರು ನನ್ನನ್ನು ಮಾನಿಟರ್ ಮಾಡಿದ ಹಾಗೆ ಕಂಡಿತು. ಅದು ಮಾನಿಟರ್ ಕೆಲಸವಲ್ಲ ಎಂದು ನನಗೂ ಅವರಿಗೂ ಗೊತ್ತಿತ್ತು. ಆ ದಿನದಿಂದ ಯಾರಾದರೂ ಎಡಗಡೆ ಮೇಲಿನಿಂದ ಹಾರಿದರೆ ನಾನು ಮಾಸ್ತರ ಅಂಗಿಯ ತೋಳು ಜಗ್ಗುತ್ತಿದ್ದೆ, ಅವರು ತಿರುಗಿ ಹಿಡಿಯುತ್ತಿದ್ದರು. ಒಬ್ಬರೂ ಬೀಳಲಿಲ್ಲ. ಏಟುಗಳೂ ಮತ್ತೆ ಗುರಿ ಹಿಡಿದವು. ಹುಡುಗರು ನನ್ನನ್ನು ಚಾಡಿಕೋರಿ ಎಂದರು, ಬಸ್ ಸ್ಟ್ಯಾಂಡಿನಲ್ಲಿ ಕಲ್ಲು ಹೊಡೆದರು. ನನಗೆ ಹೆಮ್ಮೆಯೋ ಹೆಮ್ಮೆ.

ಸಾಲೆಗೆ ಕಣ್ಣು ತಪಾಸಣೆಯವರು ಬಂದರು. ಹುಡುಗರಾದ ಮೇಲೆ ಮಾಸ್ತರನ್ನೂ ನಿಲ್ಲಿಸಿ ನೋಡಿದರು. ಅವರು ಗೋಡೆಯ ಮೇಲಿನ ಪಟ್ಟಿಯನ್ನು ಮೇಲಿನ ದೊಡ್ಡಕ್ಷರದಿಂದ ಹಿಡಿದು ಕೊನೆಯ ಇರುವೆಯಂಥ ಸಾಲಿನವರೆಗೆ ಗಡಗಡ ಓದಿದರು. ಬಂದವರು ಬೆನ್ನು ತಟ್ಟಿ, "ಮಾಸ್ತರ್ರ, ಇಪ್ಪತ್ತರ ಹುಡುಗನ ಕಣ್ಣ ಅದಾವ ನಿಮ್ಮು" ಎಂದರು. ಮಾಸ್ತರು ನನ್ನ ಕಡೆ ನೋಡಿದ ನೋಟ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಗೆದ್ದೆ, ನೋಡು ಎನ್ನುವ ನೋಟ. "ನೆತ್ತರ ಇಳಸಿದ್ದಕ್ಕ ಬಂದ ನಜರ ಇದು. ಎಡದ್ದೂ ಬರ್ತೈತಿ ತಡಿ" ಎಂದರು. ಮರುದಿನದಿಂದ ಎಂಟುನೂರು ಎಣಿಸತೊಡಗಿದರು.

ಎಷ್ಟೋ ವರ್ಷಗಳ ಮೇಲೆ ಮೆಡಿಕಲ್ ಓದುವಾಗ ಪುಸ್ತಕದ ಒಂದು ಪುಟದಲ್ಲಿ ಅವರನ್ನು ಕಂಡೆ. ಗ್ಲಾಕೋಮಾ. ಕಣ್ಣೊಳಗಿನ ಒತ್ತಡ ನರವನ್ನು ತಿನ್ನುವ ರೋಗ. ಮೊದಲು ಪಕ್ಕದ ನೋಟ ಹೋಗುತ್ತದೆ, ನಡುವಿನದು ಕೊನೆಯವರೆಗೂ ಇರುತ್ತದೆ. ಮಾಸ್ತರ ಎಡಗಣ್ಣನ್ನು ಅದು ಮೊದಲು ಹಿಡಿದಿತ್ತು. ಗೋಡೆಯ ಪಟ್ಟಿ ಓದುವುದು ನಡುವಿನ ನೋಟದಿಂದ. ತಲೆಕೆಳಗಾದರೆ ಆ ಒತ್ತಡ ಇನ್ನೂ ಏರುತ್ತದೆ. ಆ ರೋಗ ಇದ್ದವರು ತಲೆಕೆಳಗಾಗಲೇಬಾರದು. ಮಾಸ್ತರು ನೋಟ ಕಡಿಮೆಯಾದ ಹಾಗೆಲ್ಲ ಹೆಚ್ಚು ಹೊತ್ತು ನೇತಾಡಿದರು... ಮದ್ದೆಂದು ದಿನಾ ವಿಷ ಕುಡಿದರು. ಹಾಸ್ಟೆಲ್ಲಿನ ಗೋಡೆಗೆ ಆ ಪುಸ್ತಕವನ್ನು ಎಸೆದದ್ದು ನೆನಪಿದೆ. ಬೆನ್ನುಕಟ್ಟು ಕಿತ್ತುಹೋಯಿತು, ಲೈಬ್ರರಿಯವರು ದಂಡ ಹಾಕಿದರು.

ಮಾಸ್ತರು ಎಂಟುನೂರು ಎಣಿಸುತ್ತಿದ್ದ ಆ ದಿನಗಳಲ್ಲಿ ನರಗುಂದದ ಜಿಲ್ಲಾ ಪಂದ್ಯಕ್ಕೆ ಒಂದು ವಾರ ಉಳಿದಿತ್ತು. ಹಿಂದಿನ ದಿನ ನಾನು ಹಗ್ಗದ ನಡುವೆ ಕೈಸೋತು ಇಳಿದುಬಿಟ್ಟಿದ್ದೆ. ಮಾಸ್ತರು ಗಂಟಿನಿಂದ ಏಳು ಏಟು ಹೊಡೆದಿದ್ದರು. ಸಂಜೆ ಅವ್ವ ಬಿಸಿನೀರು ಹಾಕುವಾಗ ಕಾಲು ನೋಡಿ ಚೀರಿದಳು. ಅಪ್ಪ ಬಂದು ನೋಡಿದ. ಏನೂ ಅನ್ನಲಿಲ್ಲ. ಅಪ್ಪ ಏನೂ ಅನ್ನದಿದ್ದರೆ ನಮ್ಮ ಮನೆಯಲ್ಲಿ ಎಲ್ಲರೂ ಹೆದರುತ್ತಿದ್ದರು. "ನಾಳಿಯಿಂದ ಹೋಗಬ್ಯಾಡ" ಎಂದು ಅವ್ವ ಹೇಳಿದಳು. ಬೆಳಿಗ್ಗೆ ಅವಳು ಸಗಣಿ ಬಾಚುವಾಗ ನಾನು ಹಿತ್ತಲಿನಿಂದ ಓಡಿ ಬಸ್ಸು ಹಿಡಿದೆ.

ಪಂದ್ಯದ ಆಟದಲ್ಲಿ ಬಾಯಿ ಬಿಡುವ ಹಾಗಿರಲಿಲ್ಲ. ಮೇಲಿರುವವರು ಹಗ್ಗ ಬಿಟ್ಟು ಕೆಳಗೆ ಹಾರುವ ಮುನ್ನ ಅಂಗೈ ಬಿಡಿಸಿ ಮಾಸ್ತರಿಗೆ ತೋರಿಸಬೇಕು, ಅಷ್ಟೇ. ಕೂಗಿದರೆ ಅಂಕ ಹೋಗುತ್ತದೆ ಎನ್ನುವುದು ಮಾಸ್ತರ ನಿಯಮ. ಅಭ್ಯಾಸದಲ್ಲೂ ಕೂಗಿದವರಿಗೆ ಗಂಟಿನ ಪ್ರಸಾದ. ಅಂಗೈ ಕಂಡ ಕೂಡಲೇ ಅವರು ಎರಡು ಹೆಜ್ಜೆ ಮುಂದೆ ಬಂದು ಸೊಂಟಕ್ಕೆ ಕೈಕೊಟ್ಟು ಇಳಿಸಿಕೊಳ್ಳುತ್ತಿದ್ದರು.

ಆ ಬೆಳಿಗ್ಗೆ ಅಭ್ಯಾಸಕ್ಕೆ ನಾನು ಮೇಲೆ ಹೋದೆ. ಹಗ್ಗವನ್ನು ತೊಡೆಗೆ, ಮೀನಖಂಡಕ್ಕೆ ಸುತ್ತಿ, ಬೆನ್ನು ಬಾಗಿಸಿ, ತಲೆಕೆಳಗಾದೆ. ಹಗ್ಗ ತಿರುಗಿತು. ಅದು ನಿಂತಾಗ ನಾನು ಮಾಸ್ತರ ಎಡಕ್ಕಿದ್ದೆ. ಅವರ ಎಡಕ್ಕೆ ನಿಂತು ತೋಳು ಜಗ್ಗಬೇಕಾದವಳು ಮೇಲೆ ನೇತಾಡುತ್ತಿದ್ದಳು. ಇದು ನನಗೆ ಆ ಕ್ಷಣದಲ್ಲೇ ಹೊಳೆಯಿತು, ಆಮೇಲೆ ಹೊಳೆದದ್ದಲ್ಲ. ಅಂಗೈ ಬಿಡಿಸಿ ತೋರಿಸಿದೆ. ಅವರು ಎದುರಿನ ಗೋಡೆ ನೋಡುತ್ತ ನಿಂತಿದ್ದರು. ಮತ್ತೆ ತೋರಿಸಿದೆ. ತೊಡೆ ನಡುಗುತ್ತಿತ್ತು, ನಿನ್ನೆಯ ಬಾಸುಂಡೆಗಳ ಮೇಲೆ ಹಗ್ಗ ಕೊರೆಯುತ್ತಿತ್ತು. ಸರ ಎಂದು ಒಂದು ಸಲ ಕೂಗಿದ್ದರೆ ಸಾಕಿತ್ತು... ಕೂಗಲಿಲ್ಲ. ಏಟಿನ ಹೆದರಿಕೆಯೋ, ಅವರಿಗೆ ಕಾಣುವುದಿಲ್ಲ ಎಂದು ಉಳಿದವರಿಗೆ ಗೊತ್ತಾಗುತ್ತದೆ ಎನ್ನುವ ಹೆದರಿಕೆಯೋ, ಇವತ್ತಿಗೂ ಬಗೆಹರಿದಿಲ್ಲ. ಕಾಲು ಸಡಿಲಿತು.

ಎಡಭುಜದ ಮೇಲೆ ಬಿದ್ದೆ, ಗಾದಿಯ ಅಂಚಿನಾಚೆ. ಕೊರಳ ಪಕ್ಕದ ಎಲುಬು ಮುರಿದ ಸದ್ದು ನನಗೇ ಕೇಳಿತು. ಒಣಗಿದ ತೊಗರಿಕಟ್ಟಿಗೆ ಮುರಿದ ಹಾಗೆ. ಮಾಸ್ತರು ಸದ್ದಿಗೆ ತಿರುಗಿದರು. ನೆಲದಲ್ಲಿ ನಾನೆಲ್ಲಿದ್ದೇನೆಂದು ಹುಡುಕುವ ಹಾಗೆ ಮುಖವನ್ನು ಅತ್ತಿತ್ತ ಆಡಿಸಿದರು. ಎಲ್ಲರೂ ಚೀರುತ್ತಿದ್ದರು. ಅವರು ಮೊಣಕಾಲೂರಿ ಕೈಯಿಂದ ನೆಲ ತಡವಿದ್ದನ್ನು ನಾನೊಬ್ಬಳೇ ನೋಡಿದೆ.

ಯಾವಗಲ್ಲಿಗೆ ಸುದ್ದಿ ಮುಟ್ಟಲು ಎಷ್ಟು ಹೊತ್ತು ಬೇಕು! ನನ್ನ ತೋಳಿಗೆ ಬಟ್ಟೆ ಕಟ್ಟಿ ಶೆಡ್ಡಿನ ಕಟ್ಟೆಯ ಮೇಲೆ ಕೂಡಿಸಿ, ದವಾಖಾನೆಗೆ ಒಯ್ಯಲು ಗಾಡಿ ತರಲು ಹೋಗಿದ್ದರು. ಗಾಡಿಗಿಂತ ಮೊದಲು ನಮ್ಮ ಟ್ರ್ಯಾಕ್ಟರ್ ಬಂತು. ಅಪ್ಪ, ಕಾಕಾ, ಹಿಂದೆ ಟ್ರೇಲರಿನಲ್ಲಿ ನಾಲ್ಕು ಜನ. ಕಾಕಾನ ಕೈಯಲ್ಲಿ ಹೊಲ ಹರಗುವ ಕುಂಟಿಯ ಮೇಳಿ, ಅದರ ಮರದ ಹಿಡಿಕೆ, ಇತ್ತು, ಹೊಲದಿಂದ ನೇರ ಬಂದಿದ್ದ.

"ನಿನ್ನಿ ಬಾಸುಂಡಿ ಬರೂ ಹಂಗ ಹೊಡದಿ. ಇವತ್ತ ಬೇಕಂತ ಕೈಬಿಟ್ಟಿ. ಹೌದೋ ಅಲ್ಲೋ?" ಎಂದ ಅಪ್ಪ. ದನಿ ಏರಿರಲಿಲ್ಲ.

ಮಾಸ್ತರು ಕೈಯಲ್ಲಿದ್ದ ಹಗ್ಗದ ತುಂಡನ್ನು ಕೆಳಗಿಟ್ಟರು.

"ಹುಡುಗಿ ಕೈ ತೋರಿಸ್ಯಾಳ. ಇಷ್ಟೂ ಹುಡುಗರು ನೋಡ್ಯಾರ. ನೀ ಹಿಡೀಲಿಲ್ಲ. ಬೇಕಂತ ಬಿಟ್ಟಿ!"

ಆಗ ಒಂದೇ ಮಾತು ಸಾಕಿತ್ತು. ಬೇಕಂತ ಅಲ್ಲಪ್ಪಾ, ಮಾಸ್ತರಿಗೆ ಕಾಣಂಗಿಲ್ಲ. ನಾನು ಬಾಯಿ ತೆರೆದೆ. ಮಾಸ್ತರು ಎದುರಿಗೇ ನಿಂತಿದ್ದರು, ನನ್ನ ಮುಖ ಅವರಿಗೆ ಸರಿಯಾಗಿಯೇ ಕಾಣುತ್ತಿತ್ತು. ಯಾರಿಗೂ ತಿಳಿಯದ ಹಾಗೆ ತಲೆಯನ್ನು ಒಂದಿಷ್ಟೇ ಆ ಕಡೆ, ಈ ಕಡೆ ಆಡಿಸಿದರು. ಬೇಡ. ಕುರುಡ ಮಾಸ್ತರ ಕೈಗೆ ಯಾರು ಮಕ್ಕಳನ್ನು ಕೊಡುತ್ತಾರೆ? ಶೆಡ್ಡು ಹೋದರೆ ಅವರ ಪಾಲಿಗೆ ಏನೂ ಉಳಿಯುತ್ತಿರಲಿಲ್ಲ. ಏಟು ತಿಂದರೆ ನಾಲ್ಕು ದಿನಕ್ಕೆ ವಾಸಿಯಾಗುತ್ತದೆ ಎಂದುಕೊಂಡಿರಬೇಕು. ಹೊಡೆದು ಬದುಕಿದವರು, ಏಟಿನ ಲೆಕ್ಕ ಅವರಿಗೆ ಗೊತ್ತಿತ್ತು.

ನಾನು ಬಾಯಿ ಮುಚ್ಚಿದೆ.

ಅಪ್ಪ ಮೊದಲು ಕಪಾಳಕ್ಕೆ ಹೊಡೆದ. ಆಮೇಲೆ ಎಲ್ಲರೂ. ಮಾಸ್ತರು ಕೈ ಎತ್ತಲಿಲ್ಲ. ಮನಸ್ಸು ಮಾಡಿದ್ದರೆ ಅಪ್ಪನನ್ನು ಎತ್ತಿ ಕಂಬಕ್ಕೆ ಬಡಿಯುವಷ್ಟು ಕಸುವು ಆ ತೋಳುಗಳಲ್ಲಿತ್ತು. ಕೆಳಗೆ ಬಿದ್ದ ಮೇಲೂ ಒದ್ದರು. ಪಕ್ಕೆಲುಬಿಗೆ ಒದೆ ಬಿದ್ದಾಗ ಬರುವ ಸದ್ದು ಟೊಳ್ಳು. ಒಬ್ಬ ಅವರದೇ ಹಗ್ಗದ ತುಂಡು ತೆಗೆದುಕೊಂಡು ಬೆನ್ನಿಗೆ ಬಾರಿಸಿದ. ಹುಡುಗರಲ್ಲಿ ಕೆಲವರು ನಗುತ್ತಿದ್ದರು, ಅದನ್ನೂ ಬರೆಯಬೇಕು. ಕಂಬದ ಬುಡದಲ್ಲಿ ಎಣ್ಣೆ ಚೆಲ್ಲಿ, ರಕ್ತ ಬೆರೆತು, ಎಲ್ಲರ ಕಾಲೂ ಜಾರುತ್ತಿತ್ತು. ಮಾಸ್ತರು ಏಳಲು ಹೋಗಿ ಮುಖ ಮೇಲೆತ್ತಿದರು. ಆಗ ಕಾಕಾ ಎಡದಿಂದ ಮೇಳಿ ಬೀಸಿದ. ಎಡದಿಂದ ಬಂದದ್ದು ಅವರಿಗೆ ಕಾಣಲಿಲ್ಲ, ತಲೆ ತಗ್ಗಿಸಲಿಲ್ಲ. ಹಣೆ ದಾಟಿ ಬಲಗಣ್ಣಿಗೆ ಬಿತ್ತು. ಚೆನ್ನಾಗಿ ಕಾಣುತ್ತಿದ್ದ ಕಣ್ಣು.

ಆ ಕೂಗು... ಹಗ್ಗದ ಮೇಲೆ ಯಾರೂ ಬಾಯಿ ಬಿಡಬಾರದು ಎಂದವರ ಬಾಯಿಂದ ಬಂದದ್ದು.

ದವಾಖಾನೆಯಲ್ಲಿ ಮಾಸ್ತರು, ಹಗ್ಗದಿಂದ ಬಿದ್ದೆ ಎಂದು ಬರೆಸಿದರಂತೆ. ಕಂಪ್ಲೇಂಟ್ ಕೊಡಲಿಲ್ಲ. ನನ್ನ ಎಲುಬು ಆರು ವಾರಕ್ಕೆ ಕೂಡಿತು, ಸ್ವಲ್ಪ ಏರುಪೇರಾಗಿ. ಅಷ್ಟರಲ್ಲಿ ಶೆಡ್ಡಿಗೆ ಬೀಗ ಬಿದ್ದಿತ್ತು. ನನ್ನನ್ನು ಗದಗಿನ ಸಾಲೆಗೆ ಹಾಕಿದರು. ನಾನು ಮತ್ತೆ ಹಗ್ಗ ಮುಟ್ಟಲಿಲ್ಲ. ಮನೆಯಲ್ಲಿ ಆ ಮಾತು ಯಾರೂ ಎತ್ತಲಿಲ್ಲ. ಕಾಕಾನ ಕೈಯಿಂದ ನಾನು ಮಾತ್ರ ಮತ್ತೆಂದೂ ಏನನ್ನೂ ಇಸಿದುಕೊಳ್ಳಲಿಲ್ಲ, ಹೋಳಿಗೆಯನ್ನೂ.

ಕಣ್ಣಿನ ಡಾಕ್ಟರ್ ಆದ ವರ್ಷ ಗಜೇಂದ್ರಗಡಕ್ಕೆ ಹೋದೆ. ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಮಾಸ್ತರು ತಂಗಿಯ ಮನೆಯಲ್ಲಿದ್ದರು. ಒಳಗೆ ಮಗ್ಗ ಖಟಖಟ ಎನ್ನುತ್ತಿತ್ತು, ಹೊರಗೆ ಕಟ್ಟೆಯ ಮೇಲೆ ಅವರು ನೂಲಿನ ಲಡಿಯ ಗಂಟು ಬಿಡಿಸುತ್ತ ಕೂತಿದ್ದರು. ಬಲಗಣ್ಣು ಬತ್ತಿ ಒಳಗೆ ಹೋಗಿತ್ತು. ಎಡಗಣ್ಣು ತೆರೆದಿತ್ತು, ಏನನ್ನೂ ನೋಡುತ್ತಿರಲಿಲ್ಲ. ಕಣ್ಣೊಳಗೆ ನೋಡುವ ಕೈಯಂತ್ರದ ಬೆಳಕು ಬಿಟ್ಟು ನೋಡಿದೆ. ನರದ ಬುಡ ಸುಣ್ಣದ ಹಾಗೆ ಬೆಳ್ಳಗಿತ್ತು. ಬೆಳಕು ಬಿಟ್ಟದ್ದೂ ಅವರಿಗೆ ಗೊತ್ತಾಗಲಿಲ್ಲ, "ನೋಡ್ತೀಯೇನವಾ, ಶುರು ಮಾಡು" ಎಂದರು.

ಹೆಸರು ಹೇಳಿದ್ದೆನಷ್ಟೆ. ಕೈ ಚಾಚಿ ನನ್ನ ಹೆಗಲು ಹುಡುಕಿ, ಕೊರಳ ಪಕ್ಕದ ಎಲುಬಿನ ಮೇಲೆ ಹೆಬ್ಬೆರಳು ಆಡಿಸಿದರು. ಗಂಟು ಸಿಕ್ಕಿತು. "ಸೊಟ್ಟ ಕೂಡ್ಯಾದ. ಯಾವ ಖೋಡಿ ಕಟ್ಟಿದ್ದ ಇದನ್ನ?" ಎಂದು ಬೈದರು. ನನಗೆ ನಗು ಬಂತು, ಜೊತೆಗೇ ಅಳು. ಅತ್ತೆ. ಎರಡು ಏಟು ಬೀಳಲಿಲ್ಲ.

"ನೀವ ಬ್ಯಾಡ ಅಂದ್ರಿ ಸರ. ಅದಕ್ಕ ನಾ ಹೇಳಲಿಲ್ಲ" ಎಂದೆ. ಹದಿನಾಲ್ಕು ವರ್ಷದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು. ನೀ ಚಲೋ ಮಾಡಿದಿ ಎನ್ನುತ್ತಾರೆ ಎಂದುಕೊಂಡೇ ಅಷ್ಟು ದೂರ ಹೋಗಿದ್ದೆ.

ಅವರು ಲಡಿಯ ಒಂದು ಗಂಟು ಪೂರ್ತಿ ಬಿಡಿಸಿದರು. ಆಮೇಲೆ ಹೇಳಿದರು.

"ಬ್ಯಾಡ ಅಂದೆ, ಖರೇ ಐತಿ. ನೀ ಹೇಳಬೇಕಿತ್ತವಾ."

ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ಎಷ್ಟೋ ವಾಸಿಯಿತ್ತು. ಎರಡು ವರ್ಷದ ಮೇಲೆ, ಮಾಸ್ತರು ಹೋದರು ಎಂದು ಅವರ ತಂಗಿ ಫೋನು ಮಾಡಿದರು. ಮಣ್ಣಿಗೆ ಹೋಗಲು ನನಗೆ ಧೈರ್ಯ ಬರಲಿಲ್ಲ.

ಮೊನ್ನೆ ಅದೇ ವಾಸನೆಯ ನಡುವೆ ಪೈಲಟ್ಟಿನ ಮಂಚದ ಬಳಿ ಹೋದೆ. ಮುಖ್ಯಸ್ಥರು, ಇಬ್ಬರು ಸಹಾಯಕರು ಬಂದು ನಿಂತಿದ್ದರು. ದಿನಾ ಕೊಡುವ ಸಣ್ಣಕ್ಷರದ ಕಾರ್ಡು ಕೊಟ್ಟರು. ಅವನು ತಪ್ಪಿಲ್ಲದೆ ಗಡಗಡ ಓದಿದ. ಆ ಗಡಗಡ ನನಗೆ ಗೊತ್ತಿದ್ದದ್ದೇ. ಮಾಸ್ತರು ಖರೇ ಓದಿದ್ದರು, ಇವನು ಓದುತ್ತಿರಲಿಲ್ಲ, ಬಾಯಿಪಾಠ ಒಪ್ಪಿಸುತ್ತಿದ್ದ. ಆಯಾಳ ಕೈಯಲ್ಲಿದ್ದ ಔಷಧದ ಡಬ್ಬಿಯೊಳಗಿನ ಚೀಟಿ ಇಸಿದುಕೊಂಡು ಅವನ ಕೈಗಿಟ್ಟೆ.

"ಇದನ್ನು ಓದಿ."

ಚೀಟಿಯನ್ನು ಮುಖದಿಂದ ದೂರ ಹಿಡಿದ. ಇನ್ನೂ ದೂರ, ತೋಳು ಪೂರ್ತಿ ಚಾಚಿ. ಬಾತ ಮುಖದಲ್ಲಿ ಕಣ್ಣು ಕೆಂಪಾಗಿದ್ದವು. ಓದಲಿಲ್ಲ. ಮುಖ್ಯಸ್ಥರು ಬೇರೆ ಕಡೆ ನೋಡಿದ ಹೊತ್ತಿಗೆ ನನ್ನ ಕಡೆ ನೋಡಿದ. ತಲೆಯನ್ನು ಒಂದಿಷ್ಟೇ ಆ ಕಡೆ, ಈ ಕಡೆ ಆಡಿಸಿದ. "ನಾಲ್ಕೇ ದಿನ ಮೇಡಂ, ಪ್ಲೀಸ್" ಎಂದು ತುಟಿಯಲ್ಲೇ ಅಂದ.

"ಇವರಿಗೆ ಕಾಣಂಗಿಲ್ಲ."

ನನ್ನ ದನಿ ವಾರ್ಡಿನ ಆ ತುದಿಗೆ ಕೇಳಿತು. ಇಷ್ಟು ವರ್ಷ ಬೆಂಗಳೂರು ಕನ್ನಡ ಆಡಿದ ಬಾಯಿಂದ ಯಾವಗಲ್ಲಿನ ಮಾತು ಬಂತು. ಮುಖ್ಯಸ್ಥರು, "ಏನಂದಿರಿ?" ಎಂದರು. "ಕಾಣಂಗಿಲ್ಲ ಅಂದೆ! ಮಂಚ ನೆಟ್ಟಗ ಮಾಡ್ರಿ!" ಎಂದು ಚೀರಿದೆ.

ಸ್ಟೀಲಿನ ಲೋಟ ಬಂದು ಹುಬ್ಬಿನ ಮೇಲೆ ಬಡಿಯಿತು. ಬಂದದ್ದು ನನಗೆ ಕಂಡಿತ್ತು, ಆದರೂ ಸರಿಯಲಿಲ್ಲ. ರಕ್ತ ಕಣ್ಣಿಗಿಳಿಯಿತು. ಅವನು ಅವ್ವ ಅಪ್ಪ ಸೇರಿಸಿ ಬೈಯುತ್ತಿದ್ದ. ತೊಡೆಯ ಪಟ್ಟಿ ಕಿತ್ತೆಸೆದ, ಸಹಾಯಕನ ಎದೆಗೆ ಒದ್ದ, ನನ್ನ ಜೀವನ ಹಾಳು ಮಾಡಿದೆ ಎಂದು ಅರಚಿದ. ಹಾಳಾಗಿರಲೂಬಹುದು. ಮೇಲೆ ಹೋಗುವವರ ಪಟ್ಟಿಯಲ್ಲಿ ಅವನ ಹೆಸರು ಇನ್ನು ಇರುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ನರದ ಬಾವು ಇಳಿಯುತ್ತದೆ ಎಂಬ ನಂಬಿಕೆ ಮಾತ್ರ ನನಗಿದೆ.

ಆಯಾ ಹಿಡಿಕೆ ತಿರುಗಿಸಿದಳು. ಎಣ್ಣೆ ಬಿಟ್ಟಿದ್ದ ಕೀಲು ಸದ್ದು ಮಾಡಲಿಲ್ಲ. ಅಷ್ಟು ವಾರ ಮಲಗಿದವರು ಎದ್ದು ನಿಂತರೆ ತೂರಾಡುತ್ತಾರೆ, ಎರಡೂ ಕಡೆ ಜನ ಬೇಕು. ಆಯಾ ಅವನ ಬಲಕ್ಕೆ ಹೋದಳು. ಅವನು, "ಆ ಹೆಂಗಸು ನನ್ನ ಮುಟ್ಟಬಾರದು" ಎಂದ. ನಾನು ಹುಬ್ಬಿಗೆ ಸೆರಗು ಒತ್ತಿಕೊಂಡು ಅವನ ಎಡಕ್ಕೆ ಹೋಗಿ ನಿಂತೆ.